ಚರಣವೇ ಇಲ್ಲದ ಹಾಡು

ಮೂರು ವಾರದಿಂದ ನನ್ನ ಗಿಟಾರಿನಲ್ಲಿ ಒಂದೇ ಹಾಡು. ಲಿವರ್‌ಪೂಲಿನ ‘ದ ಲಾಸ್’ ಬ್ಯಾಂಡಿನ ‘ದೇರ್ ಶೀ ಗೋಸ್’. ಪಕ್ಕದ ಮನೆಯವರು ಇನ್ನೂ ಜಗಳಕ್ಕೆ ಬಂದಿಲ್ಲ, ಅದೇ ಪುಣ್ಯ.

ಕಲಿಯಲು ಕೂತಾಗಲೇ ಗೊತ್ತಾಗಿದ್ದು, ಇದಕ್ಕೆ ಚರಣವೇ ಇಲ್ಲ! ಬರೀ ಪಲ್ಲವಿ. ಅದನ್ನೇ ಮತ್ತೆ ಮತ್ತೆ ಹಾಡುತ್ತಾರೆ, ನಡುವೆ ಒಂದು ಸಣ್ಣ ತಿರುವು, ಆಮೇಲೆ ಪುನಃ ಪಲ್ಲವಿ. ಮೂರು ನಿಮಿಷ ಕೂಡ ಆಗಲ್ಲ. ಬೇಜಾರಾಗಬೇಕಿತ್ತು, ಅಲ್ವಾ? ಆಗಲ್ಲ. ಶುರುವಿನ ಆ ಗಿಟಾರ್ ತುಣುಕು ಗೆಜ್ಜೆ ಅಲ್ಲಾಡಿಸಿದ ಹಾಗೆ ಕೇಳಿಸುತ್ತದೆ, ಅದು ಮತ್ತೆ ಬರಲಿ ಅಂತಲೇ ಕಾಯುತ್ತೇವೆ.

1988ರಲ್ಲಿ ಮೊದಲು ಬಿಟ್ಟಾಗ ಹಾಡು ಅಷ್ಟೇನೂ ಓಡಲಿಲ್ಲ. 1990ರಲ್ಲಿ ಮತ್ತೆ ಬಿಟ್ಟರು, ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 13ನೇ ಸ್ಥಾನಕ್ಕೆ ಬಂತು. ಅದೇ ವರ್ಷ ಆಲ್ಬಂ ಕೂಡ ಬಂತು. ಹಾಡು ಬರೆದು ಹಾಡಿದ ಲೀ ಮೇವರ್ಸ್‌ಗೆ ಮಾತ್ರ ಆ ಆಲ್ಬಂ ಸುತರಾಂ ಇಷ್ಟವಿಲ್ಲ. ರೆಕಾರ್ಡಿಂಗ್ ನೋಡಿಕೊಳ್ಳುವ ನಿರ್ಮಾಪಕರ ಮೇಲೆ ನಿರ್ಮಾಪಕರು ಬದಲಾಗಿದ್ದರೂ ಮನಸ್ಸಿನಲ್ಲಿದ್ದ ಸದ್ದು ಸಿಗಲೇ ಇಲ್ಲವಂತೆ. ನಮ್ಮಜ್ಜಿಯೂ ಹೀಗೇ. ಊರೆಲ್ಲ ಚಪ್ಪರಿಸಿ ತಿಂದ ಹೋಳಿಗೆಗೂ ‘ಹೂರಣ ಸರಿ ಬರಲಿಲ್ಲ’ ಅನ್ನುತ್ತಿದ್ದರು. ಆದರೆ ಅಜ್ಜಿ ಮುಂದಿನ ಹಬ್ಬಕ್ಕೆ ಮತ್ತೆ ಮಾಡುತ್ತಿದ್ದರು. ಮೇವರ್ಸ್ ಎರಡನೇ ಆಲ್ಬಂ ತರಲೇ ಇಲ್ಲ. ಬೇಸ್ ಗಿಟಾರ್ ನುಡಿಸುತ್ತಿದ್ದ ಜಾನ್ ಪವರ್ ಹೊರಬಂದು ‘ಕಾಸ್ಟ್’ ಬ್ಯಾಂಡ್ ಕಟ್ಟಿದರು.

ಜಿ, ಡಿ, ಸಿ ಕಾರ್ಡುಗಳು, ಅಂದರೆ ಒಟ್ಟಿಗೆ ಮೀಟುವ ಸ್ವರಗುಚ್ಛಗಳು, ನನಗೆ ಹೇಗೋ ಬಂದಿವೆ. ಆ ಗೆಜ್ಜೆ ತುಣುಕು ಮಾತ್ರ ಕಿರುಬೆರಳಿಗೆ ಇನ್ನೂ ಒಲಿದಿಲ್ಲ.