ಸೆನ್ಸರ್ ಬದಲಾಯಿಸುವ ಮೊದಲು ಕಪ್ಲರ್ ಬಿಚ್ಚಿ ನೋಡಿ

ನಮ್ಮ ಮನೆಯ ಕಾರಿಗೆ ಹದಿನೈದು ವರ್ಷ ದಾಟಿದೆ. ಅಪ್ಪ ಕೊಂಡದ್ದು. ಮಾರುವ ಮಾತೆತ್ತಿದರೆ ಅಮ್ಮ ಊಟಕ್ಕೇ ಕರೆಯುವುದಿಲ್ಲ. ಇಂಜಿನ್ ಇನ್ನೂ ಗಟ್ಟಿಯಾಗಿದೆ, ಆದರೆ ಈಚೆಗೆ ಚೆಕ್ ಇಂಜಿನ್ ಲೈಟ್ ಬಂದು ಕೂತಿತು. ಬೆಳಿಗ್ಗೆ ತಣ್ಣಗಿರುವ ಗಾಡಿಗೆ ಕೀ ಹಾಕಿದರೂ ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗುತ್ತದೆ, ಸೈಲೆನ್ಸರ್ ಹತ್ತಿರ ಪೆಟ್ರೋಲ್ ವಾಸನೆ, ಮೈಲೇಜ್ ಬೇರೆ ಇಳಿದಿದೆ. ಗ್ಯಾರೇಜಿನಲ್ಲಿ ಕೂಲೆಂಟಿನ (ಇಂಜಿನ್ ತಣಿಸುವ ನೀರಿನ) ಬಿಸಿ ಅಳೆಯುವ ಸೆನ್ಸರ್ ಹೋಗಿದೆ ಅಂದರು, ಹೊಸದು ಹಾಕಿದರು. ಸ್ವಲ್ಪ ದಿನಕ್ಕೆ ಲೈಟ್ ಮತ್ತೆ ಹಾಜರು. ಆಮೇಲೆ ಪೂರ್ತಿ ವೈರಿಂಗ್ ಕಿಟ್ಟೇ ಬದಲಾಯಿಸಬೇಕು ಅಂದರು. ಆ ರೇಟ್ ಕೇಳಿ ನಾನೇ ಬಾನೆಟ್ ಎತ್ತಿದೆ.

ಸ್ಟೇರಿಂಗ್ ಕೆಳಗಿನ 16 ಪಿನ್ ಸಾಕೆಟ್ಟಿಗೆ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿ ಫೋನಿನಲ್ಲಿ ನೋಡಿದರೆ ಕೋಡ್ ಪಿ0118, ಅಂದರೆ ಕೂಲೆಂಟ್ ಸೆನ್ಸರಿನ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಜಾಸ್ತಿ. ಕೂಲೆಂಟ್ ಟೆಂಪರೇಚರ್ ಎಷ್ಟು ಗೊತ್ತಾ? ಮೈನಸ್ 40 ಡಿಗ್ರಿ. ಏಪ್ರಿಲ್ ಬಿಸಿಲಲ್ಲಿ!

ಇದರ ಹಿಂದಿನ ಲೆಕ್ಕ ಸುಲಭ. ಈ ಸೆನ್ಸರ್ ಒಳಗಿರುವುದು ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಕಡಿಮೆ ಆಗುವ ಒಂದು ಪುಟ್ಟ ಥರ್ಮಿಸ್ಟರ್. ತುಂಬಾ ಗಾಡಿಗಳಲ್ಲಿ 20 ಡಿಗ್ರಿಗೆ ಸುಮಾರು 2,500 ಓಮ್ ಇದ್ದರೆ 80 ಡಿಗ್ರಿಗೆ 300ರ ಆಸುಪಾಸು. ಇಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, 5 ವೋಲ್ಟ್ ಕಳಿಸಿ, ಅದರಲ್ಲಿ ಎಷ್ಟು ಉಳಿಯಿತು ಅಂತ ನೋಡಿ ಬಿಸಿ ಅಳೆಯುತ್ತದೆ. ವೈರ್ ಎಲ್ಲೋ ಕಡಿದುಹೋದರೆ 5 ವೋಲ್ಟ್ ಹಾಗೇ ಉಳಿಯುತ್ತದೆ, ಇಸಿಯುಗೆ ಅದು ಹಿಮಾಲಯದ ಚಳಿಯೇ. ಚಳಿ ಅಂತ ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಜೊತೆಗೆ, ಈ ಲೆಕ್ಕ ನಂಬುವ ಹಾಗಿಲ್ಲ ಅಂತಲೂ ಅದಕ್ಕೆ ಗೊತ್ತಾಗಿ, ಇಂಜಿನ್ ಕಾಯಲಿ ಅಂತ ಫ್ಯಾನನ್ನೂ ಓಡಿಸುತ್ತದೆ.

ತಪ್ಪು ಸೆನ್ಸರಿನದೋ ವೈರಿನದೋ ಅಂತ ತಿಳಿಯಲು ಒಂದು ಸಣ್ಣ ತುಂಡು ವೈರ್ ಸಾಕು. ಸೆನ್ಸರಿಗೆ ವೈರ್ ಸಿಕ್ಕಿಸುವ ಪ್ಲಗ್, ಅಂದರೆ ಕಪ್ಲರ್, ಬಿಚ್ಚಿ, ವೈರ್ ಕಡೆಯ ಎರಡು ಪಿನ್ನನ್ನು ಆ ವೈರಿನಿಂದ ಸೇರಿಸಿ, ಕೀ ಆನ್ ಮಾಡಿ. ಇಸಿಯು ತನಕ ವೈರ್ ಸರಿಯಿದ್ದರೆ ಮೈನಸ್ 40 ಇದ್ದದ್ದು ಒಮ್ಮೆಲೇ 130ರ ಮೇಲೆ ಹಾರಬೇಕು. ಹಾರಿದರೆ ಸೆನ್ಸರ್ ಹೋಗಿದೆ, ಹಾರದಿದ್ದರೆ ವೈರಿಂಗ್. (ಎರಡು ವೈರಿನ ಟೆಂಪರೇಚರ್ ಸೆನ್ಸರಿಗೆ ಮಾತ್ರ ಈ ಆಟ. ಮೂರು ವೈರಿನದಕ್ಕೆ ಮಾಡಲು ಹೋದರೆ 5 ವೋಲ್ಟ್ ಲೈನು ನೇರ ಅರ್ತಿಂಗ್‌ಗೆ ಸೇರಿ ಬೇರೆ ತಲೆನೋವು ಶುರುವಾಗುತ್ತದೆ.) ನಮ್ಮ ಕಾರಿನದು ಇವೆರಡೂ ಅಲ್ಲ. ಒಮ್ಮೆ ಹಾರುತ್ತದೆ, ವೈರನ್ನು ಸ್ವಲ್ಪ ಬಗ್ಗಿಸಿದರೆ ಮತ್ತೆ ಮೈನಸ್ 40. ಅಂದರೆ ರೋಗ ಕಪ್ಲರಿನ ಬೆನ್ನಲ್ಲೇ ಇದೆ.

ಟಾರ್ಚ್ ಹಿಡಿದು ನೋಡಿದೆ. ಲಾಕ್ ಕಿವಿ ಯಾವ ಕಾಲದಲ್ಲೋ ಮುರಿದಿದೆ, ಅದನ್ನು ಯಾರೋ ಕೇಬಲ್ ಟೈ ಹಾಕಿ ಬಿಗಿದಿದ್ದಾರೆ. ಹಿಂಬದಿಯ ಪುಟ್ಟ ರಬ್ಬರ್ ಸೀಲ್ ಸೀಳಿದೆ. ಒಂದು ಟರ್ಮಿನಲ್ ಮೇಲೆ ಹಸಿರು ಪುಡಿ. ಮಾಮೂಲಿ ಕಥೆಯೇ ಇದು. ಇಂಜಿನ್ ಬಿಸಿಗೆ ಪ್ಲಾಸ್ಟಿಕ್ ವರ್ಷಗಟ್ಟಲೆ ಬೆಂದು ಪೆಡಸಾಗುತ್ತದೆ, ಮುಟ್ಟಿದರೆ ಹಪ್ಪಳದ ಹಾಗೆ ಪಟ್ಟನೆ ಮುರಿಯುತ್ತದೆ. ಆಮೇಲೆ ವಾಟರ್ ಸರ್ವಿಸ್‌ನಲ್ಲಿ ಪ್ರೆಷರ್ ಪೈಪ್ ಹಿಡಿದು ಇಂಜಿನ್ ತೊಳೆಯುತ್ತಾರಲ್ಲ, ಆ ನೀರು ಒಳಗೆ ನುಗ್ಗುತ್ತದೆ. ಇಲಿ ಕಡಿದ ವೈರ್ ಆದರೆ ಕಣ್ಣಿಗೆ ಕಾಣುತ್ತದೆ. ಇದು ಕಾಣುವುದಿಲ್ಲ, ಅದೇ ಕಷ್ಟ.

ಬೆಂಗಳೂರಿನಲ್ಲಿ ಇರುವವರಿಗೆ ಗಾಡಿ ಬಿಡಿಭಾಗಗಳ ಅಂಗಡಿಗಳಿರುವ ಜೆಸಿ ರಸ್ತೆ ಇದೆ. ಹಳೇ ಕಪ್ಲರನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ, ಫೋಟೋ ನಂಬಬೇಡಿ, ಒಳಗಿನ ತೋಡು ಒಂದು ಬದಿಗೆ ಚೂರು ಸರಿದಿದ್ದರೂ ಕೂರುವುದಿಲ್ಲ. ಹಿಂದೆ ಒಂದು ಗೇಣು ವೈರ್ ಸಮೇತ ಬರುವ ಪಿಗ್‌ಟೇಲ್ ಸಿಕ್ಕಿದರೆ ಕಣ್ಣು ಮುಚ್ಚಿ ತಗೊಳ್ಳಿ. ಗುಜರಿ ಗಾಡಿಯಿಂದ ಕತ್ತರಿಸಿಕೊಂಡರೂ ಆಗುತ್ತದೆ, ಆದರೆ ಅದರ ಪ್ಲಾಸ್ಟಿಕ್ಕೂ ಅಷ್ಟೇ ವರ್ಷ ಬೆಂದಿರುತ್ತದೆ ಅಲ್ವಾ.

ಕೆಲಸಕ್ಕೆ ಮುಂಚೆ ಬ್ಯಾಟರಿ ನೆಗೆಟಿವ್ ಬಿಚ್ಚಿಡಿ. ಹಳೇ ವೈರನ್ನು ಕಪ್ಲರಿನ ಪಕ್ಕದಲ್ಲೇ ಕತ್ತರಿಸಿ ಇನ್ಸುಲೇಷನ್ ಸುಲಿದೆ. ತಾಮ್ರ ಕಪ್ಪಗಿತ್ತು. ಇನ್ನೊಂದು ಇಂಚು ಹಿಂದೆ ಸುಲಿದೆ, ಅಲ್ಲೂ ಕಪ್ಪು. ನೀರು ಎಳೆಗಳ ಮಧ್ಯೆ ಒಳಕ್ಕೆ ಹರಿದಿರುತ್ತದೆ, ಅದಕ್ಕೇ ಹೊಳೆಯುವ ತಾಮ್ರ ಸಿಗುವವರೆಗೂ ಹಿಂದೆ ಹೋಗಲೇಬೇಕು. ಕಪ್ಪು ತಾಮ್ರಕ್ಕೆ ಜಾಯಿಂಟ್ ಹಾಕಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಇದೇ ಕೆಲಸ.

ಬೆಸುಗೆ ಹಾಕಬೇಕೋ ಕ್ರಿಂಪ್ (ಲೋಹದ ಕೊಳವೆಯೊಳಗೆ ವೈರ್ ಇಟ್ಟು ಒತ್ತಿ ಹಿಡಿಸುವುದು) ಮಾಡಬೇಕೋ ಅಂತ ಜಗಳ ಆಡುವವರು ತುಂಬಾ ಜನ ಇದ್ದಾರೆ. ನಾನು ಕ್ರಿಂಪ್ ಪಾರ್ಟಿ. ಬೆಸುಗೆ ಕರಗಿ ಎಳೆಗಳ ಮಧ್ಯೆ ಹರಿದು ವೈರನ್ನು ಕಡ್ಡಿ ಮಾಡಿಬಿಡುತ್ತದೆ, ಇಂಜಿನ್ ನಡುಗುವಾಗ ಆ ಕಡ್ಡಿ ಮುಗಿಯುವ ಜಾಗದಲ್ಲೇ ವೈರ್ ಕಡಿಯುತ್ತದೆ. ಒಳ್ಳೆ ಕ್ರಿಂಪಿಂಗ್ ಪ್ಲೈಯರ್ ಇಲ್ಲದಿದ್ದರೆ ಮಾತ್ರ ಬೆಸುಗೆ, ಅದೂ ಎರಡು ಕಡೆ ವೈರ್ ಅಲುಗಾಡದ ಹಾಗೆ ಕಟ್ಟಿ. ಕಟಿಂಗ್ ಪ್ಲೇಯರಿನಲ್ಲಿ ಜಜ್ಜಿದ್ದು ಕ್ರಿಂಪ್ ಅಲ್ಲ, ದಯವಿಟ್ಟು. ಜೋಡಿಸುವ ಮೊದಲೇ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವನ್ನು ವೈರಿಗೆ ತೂರಿಸಿಡಿ, ಎರಡು ಜಾಯಿಂಟನ್ನೂ ಒಂದೇ ಜಾಗದಲ್ಲಿ ಹಾಕದೆ ಹಿಂದೆ ಮುಂದೆ ಮಾಡಿ. ಬಿಸಿ ಗಾಳಿಗೆ ಸ್ಲೀವ್ ಕುಗ್ಗಿ ಎರಡು ತುದಿಯಲ್ಲೂ ಅಂಟು ಹನಿಯಾಗಿ ಹೊರಬಂತು ಅಂದರೆ ನೀರು ಒಳಗೆ ಹೋಗುವುದಿಲ್ಲ. ಮೇಲೆ ಬಟ್ಟೆ ಟೇಪ್ ಸುತ್ತಿ. ಮಾಮೂಲಿ ಪಿವಿಸಿ ಟೇಪ್ ಆ ಬಿಸಿಗೆ ಅಂಟಂಟಾಗಿ ಬಿಚ್ಚಿಕೊಳ್ಳುತ್ತದೆ.

ಮೀಟರ್ ಹಿಡಿಯುವವರಿಗೆ ಒಂದು ಮಾತು. ದಪ್ಪ ಪ್ರೋಬನ್ನು ಹೆಣ್ಣು ಟರ್ಮಿನಲ್ (ಪಿನ್ ಹೋಗಿ ಕೂರುವ ತೂತು) ಒಳಗೆ ಚುಚ್ಚಬೇಡಿ. ಅದು ಅಗಲವಾದರೆ ಪಿನ್ ಸಡಿಲ ಆಗುತ್ತದೆ, ಅಳೆಯಲು ಹೋಗಿ ಹೊಸ ಲೂಸ್ ಕನೆಕ್ಷನ್ ತಂದುಕೊಂಡ ಹಾಗೆ. ಹಿಂಬದಿಯಿಂದ, ವೈರಿನ ಪಕ್ಕದಲ್ಲಿ ತೆಳ್ಳನೆಯ ಪಿನ್ ತೂರಿಸಿ ಅಳೆಯಿರಿ.

ಕೋಡ್ ಅಳಿಸಿ, ರಾತ್ರಿಯಿಡೀ ಗಾಡಿ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ನೋಡಿದೆ. ಕೂಲೆಂಟ್ 24, ಒಳಗೆ ಎಳೆಯುವ ಗಾಳಿ 25. ತಣ್ಣಗಿರುವ ಗಾಡಿಯಲ್ಲಿ ಇವೆರಡೂ ಹತ್ತಿರ ಹತ್ತಿರ ಇರಬೇಕು, ಹೊರಗಿನ ಹವೆಗೂ ತಾಳೆ ಆಗಬೇಕು. ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ.

ಇದೇ ಧೈರ್ಯದಲ್ಲಿ ಎಲ್ಲ ಕಪ್ಲರಿಗೂ ಕೈ ಹಾಕಬೇಡಿ. ಹಳದಿ ಕಪ್ಲರ್ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು, ಅದನ್ನು ತಿಳಿದವರಿಗೇ ಬಿಡಿ. ಎಬಿಎಸ್ ಚಕ್ರದ ಸೆನ್ಸರಿಗೆ ಹೋಗುವ ಎರಡು ವೈರ್ ಹೆಣೆದುಕೊಂಡಿದ್ದರೆ ಜಾಯಿಂಟ್ ಆದಮೇಲೂ ಹಾಗೇ ಹೆಣೆಯಿರಿ, ಇಲ್ಲದಿದ್ದರೆ ಪಕ್ಕದ ವೈರಿನ ಗದ್ದಲ ಸಿಗ್ನಲ್ ಒಳಗೆ ಸೇರಬಹುದು. ಸೈಲೆನ್ಸರ್ ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಅಂತ ನೋಡುವ ಆಕ್ಸಿಜನ್ ಸೆನ್ಸರ್ ಇನ್ನೂ ನಾಜೂಕು. ಅದಕ್ಕೆ ಹೋಲಿಸಿ ನೋಡಲು ಹೊರಗಿನ ಶುದ್ಧ ಗಾಳಿ ಬೇಕು, ಎಷ್ಟೋ ಮಾಡೆಲ್‌ಗಳಲ್ಲಿ ಅದು ವೈರಿನ ಎಳೆಗಳ ಸಂದಿನಿಂದಲೇ ಒಳಗೆ ಹೋಗುತ್ತದೆ. ಅಲ್ಲಿ ಬೆಸುಗೆ ಹಾಕಿದರೆ, ಕಪ್ಲರಿಗೆ ಗ್ರೀಸ್ ತುಂಬಿದರೆ ಗಾಳಿಯ ದಾರಿಯೇ ಬಂದ್. ನಮ್ಮ ಕಾರಿನ ಆ ಕಪ್ಲರಿನ ಲಾಕ್ ಕೂಡ ಅರ್ಧ ಮುರಿದಿದೆ. ಸದ್ಯಕ್ಕೆ ಕೆಲಸ ಮಾಡುತ್ತಿದೆ, ಮುಟ್ಟಿಲ್ಲ. ಸೆನ್ಸರ್ ಕಡೆಯ ವೈರನ್ನು ಹಾಗೇ ಬಿಟ್ಟು, ಗಾಡಿ ಕಡೆಯ ಕಪ್ಲರ್ ಅರ್ಧ ಮಾತ್ರ ಬದಲಾಯಿಸುವ ಯೋಚನೆ ಇದೆ. ಜೆಸಿ ರಸ್ತೆಯಲ್ಲಿ ನಾಲ್ಕು ಪಿನ್ನಿನದು ಇನ್ನೂ ಸಿಕ್ಕಿಲ್ಲ.