ಹೆಪ್ಪಿಗೆ ಬಂದ ಅಜ್ಜಿ

ಎದುರುಮನೆಯ ಅಜ್ಜಿ ಇಂದು ಬೆಳಿಗ್ಗೆ ಹೆಪ್ಪಿಗೆಂದು ಒಂದು ಚಮಚ ಮಜ್ಜಿಗೆ ಕೇಳಲು ಬಂದು, ಮುಕ್ಕಾಲು ಗಂಟೆ ಮಾತನಾಡಿ, ತಂದಿದ್ದ ಬಟ್ಟಲನ್ನು ನಮ್ಮಲ್ಲಿಯೇ ಮರೆತು ಹೊರಟುಹೋದರು. ದೂರದೇಶದ ಮಗ ಪ್ರತಿ ಭಾನುವಾರ ತಪ್ಪದೆ ವಿಡಿಯೊ ಕರೆ ಮಾಡುತ್ತಾನೆ. ಉಳಿದ ಆರು ದಿನ ಆ ಮನೆಯಲ್ಲಿ ಕೇಳಿಸುವುದು ಟಿವಿಯ ದನಿಯೊಂದೇ. ಮಧ್ಯಾಹ್ನ ಬಟ್ಟಲು ಮರಳಿಸಲು ಹೋದಾಗ, ಹಿರಿಯ ನಾಗರಿಕರಿಗೆಂದೇ ಇರುವ 14567 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿಯಲ್ಲಿ ಪಿಂಚಣಿ, ಕಾನೂನುಗಳ ಮಾಹಿತಿಯ ಜೊತೆಗೆ ಮನಸ್ಸಿನ ದುಗುಡವನ್ನೂ ಹೇಳಿಕೊಳ್ಳಬಹುದೆಂದು ತಿಳಿಸಿ, ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಬರೆದುಕೊಟ್ಟೆ. ಅವರು ಚೀಟಿಯನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ, "ಫೋನು ಇರಲಿ ಕಣಮ್ಮ, ಹೂ ಕಟ್ಟುವಾಗ ಪಕ್ಕದಲ್ಲಿ ಕೂರುವವರೂ ಬೇಕಲ್ಲ" ಎಂದರು. ಸಹಾಯವಾಣಿ ಬೇಕೇ ಬೇಕು; ಆದರೆ ಸಂಖ್ಯೆ ಬರೆದುಕೊಟ್ಟು ಕೈತೊಳೆದುಕೊಳ್ಳುವ ಯೋಚನೆ ನನಗಿತ್ತೆಂಬುದನ್ನು ಒಪ್ಪಿಕೊಳ್ಳಲೇಬೇಕು. ನಾಳೆ ಸಂಜೆ ಐದಕ್ಕೆ ಅವರ ಜಗಲಿಯಲ್ಲಿರುತ್ತೇನೆ. ಮಲ್ಲಿಗೆ ಅವರದು, ದಾರ ನನ್ನದು.