ಈಮ್ಯಾಕ್ಸ್ ತೋರಿಸುವ 'ವ್ಯಾಲಿಡ್' ನಂಬುವ ಮುನ್ನ

ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕದಲ್ಲಿ ಎಕ್ಸ್‌ಎಂಎಲ್ ಫೈಲು (ಟ್ಯಾಗುಗಳಲ್ಲಿ ಬರೆದ ದಾಖಲೆ) ತೆರೆದರೆ, ಅದನ್ನು ಬರೆಯಲು, ತಪಾಸಿಸಲು ನೆರವಾಗುವ ಎನ್‌ಎಕ್ಸ್‌ಎಂಎಲ್ ಮೋಡ್ ತಾನಾಗಿಯೇ ಶುರುವಾಗುತ್ತದೆ. 23ನೇ ಆವೃತ್ತಿಯಿಂದ ಅದು ಜೊತೆಗೇ ಬರುತ್ತದೆ. ಕೆಳಗಿನ ಮೋಡ್ ಲೈನಿನಲ್ಲಿ 'ವ್ಯಾಲಿಡ್' ಎಂದಿದ್ದರೆ ಎಲ್ಲ ಸರಿಯಿದೆ ಅಂದುಕೊಳ್ಳಬೇಡಿ. ಸ್ಕೀಮಾ, ಅಂದರೆ ಯಾವ ಎಲಿಮೆಂಟು ಎಲ್ಲಿ ಬರಬಹುದೆಂಬ ನಿಯಮಗಳ ಫೈಲು, ಸಿಗದಿದ್ದರೂ ಅಲ್ಲಿ ಅದೇ ಪದ ಇರುತ್ತದೆ. ಆಗ ಟ್ಯಾಗುಗಳು ಸರಿಯಾಗಿ ಮುಚ್ಚಿದ್ದರೆ ಸಾಕು, ಎಲಿಮೆಂಟಿನ ಹೆಸರು ಏನಿದ್ದರೂ ಪಾಸು.

ಮೊದಲು ಕಂಟ್ರೋಲ್-ಸಿ, ಕಂಟ್ರೋಲ್-ಎಸ್, ಕಂಟ್ರೋಲ್-ಡಬ್ಲ್ಯೂ ಒತ್ತಿ. 'ಯೂಸಿಂಗ್ ವೇಕ್ಯುಯಸ್ ಸ್ಕೀಮಾ' (ಏನನ್ನೂ ಒಪ್ಪುವ ಖಾಲಿ ಸ್ಕೀಮಾ) ಎಂದು ಬಂದರೆ ಸ್ಕೀಮಾಕ್ಕೆ ಹೋಲಿಸಿ ನೋಡುವ ಕೆಲಸ ನಡೆದೇ ಇಲ್ಲ. ಕೊನೆಯ ಕೀಗೆ ಬದಲು ಕಂಟ್ರೋಲ್-ಎಫ್ ಒತ್ತಿ ಸ್ಕೀಮಾ ಫೈಲು ತೋರಿಸಿ. ಇದನ್ನು ನೆನಪಿಟ್ಟುಕೊಳ್ಳಲೇ ಎಂದು ಕೇಳುತ್ತದೆ. ಹೌದು ಅಂದರೆ ಅದೇ ಫೋಲ್ಡರಿನ 'ಸ್ಕೀಮಾಸ್ ಡಾಟ್ ಎಕ್ಸ್‌ಎಂಎಲ್' ಫೈಲಿನಲ್ಲಿ ನಿಯಮ ಬರೆದಿಡುತ್ತದೆ. ಎಡವಟ್ಟಾಗುವುದು ಇಲ್ಲೇ: ಮೇಲಿನ ಫೋಲ್ಡರುಗಳಲ್ಲಿ ಈ ಫೈಲನ್ನು ಅದು ಹುಡುಕುವುದಿಲ್ಲ. ಅಧ್ಯಾಯಕ್ಕೊಂದು ಉಪಫೋಲ್ಡರ್ ಇದ್ದರೆ 'ಆರ್‌ಎನ್‌ಜಿ-ಸ್ಕೀಮಾ-ಲೊಕೇಟಿಂಗ್-ಫೈಲ್ಸ್' ಎಂಬ ಈಮ್ಯಾಕ್ಸ್ ಸೆಟ್ಟಿಂಗಿನ ಪಟ್ಟಿಗೆ ಆ ಫೈಲಿನ ಪೂರ್ತಿ ಪಾತ್ ಸೇರಿಸಿ. ನಿಯಮಗಳಲ್ಲಿ ಮೊದಲು ಹೊಂದಿದ್ದೇ ಗೆಲ್ಲುತ್ತದೆ, ಹಾಗಾಗಿ ಎಲ್ಲ ಫೈಲುಗಳಿಗೂ ಅನ್ವಯಿಸುವ ಪ್ಯಾಟರ್ನ್ ಕೊನೆಯಲ್ಲಿರಲಿ.

ಸ್ಕೀಮಾ ಕೂಡ ರಿಲ್ಯಾಕ್ಸ್ ಎನ್‌ಜಿ ಎಂಬ ಸ್ಕೀಮಾ ಭಾಷೆಯ ಕಾಂಪ್ಯಾಕ್ಟ್ ರೂಪದ್ದೇ, ಅಂದರೆ ಆರ್‌ಎನ್‌ಸಿ ಫೈಲೇ ಆಗಬೇಕು. ದಾಖಲೆಯ ಆರಂಭದ ಡಾಕ್‌ಟೈಪ್ ಸಾಲಿನಲ್ಲಿ ಡಿಟಿಡಿ (ಹಳೆಯ ಬಗೆಯ ಸ್ಕೀಮಾ) ಕೊಟ್ಟರೂ ಅದಕ್ಕೆ ಹೋಲಿಸಿ ತಪ್ಪು ತೋರಿಸುವುದಿಲ್ಲ. ಡಿಟಿಡಿ ಅಥವಾ ಆರ್‌ಎನ್‌ಜಿ (ರಿಲ್ಯಾಕ್ಸ್ ಎನ್‌ಜಿಯ ಎಕ್ಸ್‌ಎಂಎಲ್ ರೂಪ) ಇದ್ದರೆ ಟ್ರ್ಯಾಂಗ್ ಎಂಬ ಜಾವಾ ಸಾಧನಕ್ಕೆ ಮೂಲ ಫೈಲು, ಗುರಿ ಫೈಲು ಎರಡನ್ನೂ ಕೊಡಿ. ರೂಪ ಯಾವುದೆಂದು ಎಕ್ಸ್‌ಟೆನ್ಷನ್ ನೋಡಿಯೇ ತಿಳಿದುಕೊಳ್ಳುತ್ತದೆ. ಆಮೇಲೆ ಬೇಕೆಂದೇ ಒಂದು ಎಲಿಮೆಂಟಿನ ಹೆಸರನ್ನು ತೆರೆಯುವ, ಮುಚ್ಚುವ ಎರಡೂ ಟ್ಯಾಗುಗಳಲ್ಲಿ ಒಂದೇ ರೀತಿ ಕೆಡಿಸಿ ನೋಡಿ. ಕೆಂಪು ಗೆರೆ ಬಿದ್ದರೆ ಸ್ಕೀಮಾ ಕೂತಿದೆ. ಕಂಟ್ರೋಲ್-ಸಿ, ಕಂಟ್ರೋಲ್-ಎನ್ ಒತ್ತಿದರೆ ಮುಂದಿನ ತಪ್ಪಿಗೆ ಹಾರಬಹುದು.

ನಿಮ್ಮಲ್ಲಿರುವುದು ಎಕ್ಸ್‌ಎಸ್‌ಡಿ (ಇನ್ನೊಂದು ಬಗೆಯ ಸ್ಕೀಮಾ) ಆಗಿದ್ದರೆ ಟ್ರ್ಯಾಂಗ್ ನೆರವಿಗೆ ಬರದು. ಅದು ಎಕ್ಸ್‌ಎಸ್‌ಡಿ ಬರೆಯುತ್ತದೆ, ಓದುವುದಿಲ್ಲ. ಅಂಥ ಕಡೆ ಎನ್‌ಎಕ್ಸ್‌ಎಂಎಲ್ ಜೊತೆ ಗುದ್ದಾಡುವುದು ದಂಡ. ಆಲ್ಟ್-ಎಕ್ಸ್ ಒತ್ತಿ 'ಕಂಪೈಲ್' ಎಂದು ಕೊಟ್ಟು, ಅಲ್ಲಿ ಎಕ್ಸ್‌ಎಂಎಲ್‌ಲಿಂಟ್ ಎಂಬ ತಪಾಸಣೆಯ ಕಮ್ಯಾಂಡನ್ನು ನೋಔಟ್, ಸ್ಕೀಮಾ ಆಪ್ಷನ್ನುಗಳೊಂದಿಗೆ ಓಡಿಸಿ. ಫೈಲಿನ ಹೆಸರು, ಸಾಲಿನ ಸಂಖ್ಯೆ ಸಮೇತ ತಪ್ಪುಗಳು ಬರುತ್ತವೆ. ಎಂಟರ್ ಒತ್ತಿದರೆ ನೇರ ಆ ಸಾಲಿಗೇ. ಎಕ್ಸ್‌ಎಂಎಲ್‌ಲಿಂಟ್‌ಗೆ ಎಕ್ಸ್‌ಎಸ್‌ಡಿ 1.0 ಮಾತ್ರ ಗೊತ್ತು. ಸ್ಕೀಮಾದಲ್ಲಿ 1.1ರ ಅಸರ್ಟ್ (ಷರತ್ತು ಹಾಕುವ) ನಿಯಮಗಳಿದ್ದರೆ ನಿಮ್ಮ ದಾಖಲೆಯನ್ನು ನೋಡುವ ಮೊದಲೇ ಸ್ಕೀಮಾ ಸರಿಯಿಲ್ಲವೆಂದು ಕೈಚೆಲ್ಲುತ್ತದೆ.